ಮೋಹಿನಿ–ಭಸ್ಮಾಸುರ ಒಬ್ಬಳೇ, ಆನ್‌ಲೈನ್‌ನಲ್ಲಿ: ಲೈವ್ ಮೇಲಾ, ಒಂದೇ ಟೇಕ್ ರೆಕಾರ್ಡಿಂಗ್ ಮೇಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಕಾರ್ಡಿಂಗ್‌ಗೆ. ತಂಡವಾಗಿ ವೇದಿಕೆ ಮೇಲೆ ಮಾಡುತ್ತಿದ್ದ ಮೋಹಿನಿ–ಭಸ್ಮಾಸುರ ನೃತ್ಯರೂಪಕವನ್ನು ನಾನೊಬ್ಬಳೇ ಮನೆಯಿಂದ ಮಾಡಬೇಕಾಯಿತು. ವಿಡಿಯೊ ಮೀಟಿಂಗ್ ಆ್ಯಪ್, ಮೊಬೈಲ್‌ನಿಂದ ಲೈವ್, ಒಂದೇ ಟೇಕ್‌ನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬ್ ಪ್ರೀಮಿಯರ್ (ಮೊದಲೇ ಹೇಳಿದ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ತೋರಿಸುವುದು), ಮೂರನ್ನೂ ನೋಡಿದೆ.

ಮೀಟಿಂಗ್ ಆ್ಯಪ್‌ನಲ್ಲಿ ಸಾಕುಸಾಕು ಮಾಡಿದ್ದು ಸದ್ದು. ಈ ಆ್ಯಪ್‌ಗಳು ಇರುವುದೇ ಮಾತಿಗೆ. ಫ್ಯಾನು, ಕೀಬೋರ್ಡ್ ಸದ್ದನ್ನು ತಾವೇ ಅಡಗಿಸುತ್ತವೆ. ಅವುಗಳಿಗೆ ಗೆಜ್ಜೆಯೂ ಗಲಾಟೆ, ತಾಳವೂ ಗಲಾಟೆ. ನಟುವಾಂಗದ ಸೊಲ್ಲು (ತಾಳ ತಟ್ಟುತ್ತಾ ಬಾಯಲ್ಲಿ ಹೇಳುವ ಲಯದ ಅಕ್ಷರಗಳು) ಕೇಳಿಸುತ್ತದೆ, ಅದಕ್ಕೆ ಉತ್ತರ ಕೊಡುವ ಪಾದ ಕೇಳಿಸುವುದಿಲ್ಲ. ಭರತನಾಟ್ಯದಲ್ಲಿ ಅದು ಹೋದರೆ ಅರ್ಧ ನೃತ್ಯವೇ ಹೋದಂತೆ ಅಲ್ವಾ?

ಸೆಟ್ಟಿಂಗ್ಸ್‌ನಲ್ಲಿ ಒರಿಜಿನಲ್ ಸೌಂಡ್ (ಸದ್ದನ್ನು ಅಡಗಿಸದೆ ಹಾಗೇ ಕಳಿಸುವ ಆಯ್ಕೆ) ಆನ್ ಮಾಡಿದರೆ ಗೆಜ್ಜೆ ವಾಪಸ್ ಬರುತ್ತದೆ. ಜೊತೆಗೆ ಇನ್ನೊಂದು ಕಾಟವೂ ಬರುತ್ತದೆ. ಹಾಡಿನ ಟ್ರ್ಯಾಕ್ ಲ್ಯಾಪ್‌ಟಾಪ್‌ನಿಂದ ನೇರವಾಗಿ ನೋಡುವವರಿಗೆ ಹೋಗುತ್ತಿರುತ್ತದೆ. ನಾನು ಕುಣಿಯಲು ಅದೇ ಹಾಡು ರೂಮಿನ ಸ್ಪೀಕರ್‌ನಲ್ಲೂ ಬೇಕು. ಅದು ಮೈಕ್‌ಗೆ ಬಿದ್ದು ಹಾಡು ಎರಡೆರಡು ಸಲ ಕೇಳಿಸುತ್ತದೆ.

ಬ್ಲೂಟೂತ್ ಸ್ಪೀಕರ್ ಆದರಂತೂ ಕೇಳಲೇಬೇಡಿ. ಸದ್ದು ಒಂಚೂರು ತಡವಾಗಿ ಬರುತ್ತದೆ, ನನ್ನ ಹೆಜ್ಜೆಯೂ ಅಷ್ಟೇ ತಡ. ನೋಡುವವರಿಗೆ ತಾಳ ತಪ್ಪಿದ ಹಾಗೆ ಕಾಣುತ್ತದೆ. ಮೊದಲ ಕಾಲದಲ್ಲಿ (ನಿಧಾನ ಗತಿ) ಹೇಗೋ ನಡೆಯುತ್ತದೆ, ತುಂಬಾ ವೇಗದ ಮೂರನೇ ಕಾಲದ ಜತಿಯಲ್ಲಿ (ಸೊಲ್ಲಿಗೆ ಹೆಣೆದ ಹೆಜ್ಜೆಗಳ ಸಾಲು) ಕಣ್ಣಿಗೆ ಹೊಡೆಯುತ್ತದೆ. ವೈರ್ ಇರುವ ಸ್ಪೀಕರ್‌ನಿಂದ ಈ ತಡ ಹೋಯಿತು, ಎರಡು ಸಲ ಕೇಳಿಸುವುದು ಹೋಗಲಿಲ್ಲ.

ಮೊಬೈಲ್ ಲೈವ್‌ನಲ್ಲಿ ಸದ್ದು ಪರವಾಗಿಲ್ಲ. ಸಿಗ್ನಲ್ ಬಿದ್ದರೆ ಮುಖ ಮಸುಕು, ಅಭಿನಯ ಕಾಣುವುದಿಲ್ಲ.

ರೆಕಾರ್ಡಿಂಗ್‌ನಲ್ಲಿ ಸ್ಪೀಕರ್ ಹಾಡೂ ಫೋನ್‌ಗೆ ಬಿದ್ದಿರುತ್ತದೆ. ಆಮೇಲೆ ಅದನ್ನೇ ಗುರುತಾಗಿ ಇಟ್ಟುಕೊಂಡು ಮೂಲ ಟ್ರ್ಯಾಕನ್ನು ಕೂರಿಸಿ, ಫೋನ್ ಹಿಡಿದ ಗೆಜ್ಜೆ ಸದ್ದನ್ನು ಕೆಳಗೆ ಸಣ್ಣಗೆ ಬಿಡಬಹುದು.

ಆದರೆ ಮಧ್ಯೆ ಕಟ್ ಮಾಡಬೇಡಿ. ವೇದಿಕೆಯಲ್ಲಿ ಮೋಹಿನಿ ಕುಣಿಯುವಾಗಲೇ ಎದುರು ಭಸ್ಮಾಸುರ ಅನುಕರಿಸುತ್ತಾನೆ. ಒಬ್ಬಳೇ ಆದಾಗ ಅದೇ ಜತಿಯನ್ನು ಎರಡು ಸಲ ಇಟ್ಟೆ. ಮೊದಲು ಮೋಹಿನಿಯ ಬಳುಕಿನಲ್ಲಿ, ಒಂದು ಸುತ್ತು ತಿರುಗಿ, ಅಸುರನ ಭಾರದ ಹೆಜ್ಜೆಯಲ್ಲಿ. ಪಾತ್ರ ಬದಲಾಗುವುದು ಆ ಸುತ್ತಿನಲ್ಲೇ. ಕತ್ತರಿ ಹಾಕಿದರೆ ಏಕಾಹಾರ್ಯದ (ಒಬ್ಬರೇ, ಒಂದೇ ವೇಷದಲ್ಲಿ ಹಲವು ಪಾತ್ರ ಮಾಡುವುದು) ಸೊಗಸೇ ಹೋಗುತ್ತದೆ. ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಯಕ್ಷಗಾನ ನೋಡಿ. ಎದುರಿಗಿಲ್ಲದ ಪಾತ್ರ ಬರೀ ನೋಟದಲ್ಲೇ ಬಂದು ನಿಲ್ಲುತ್ತದೆ.

ನೋಟ ಮಾತ್ರ ಚಿಕ್ಕದಾಗಬೇಕು. ವೇದಿಕೆಯ ಅಂಚಿನತ್ತ ನೋಡುತ್ತಿದ್ದವಳು ಈಗ ಲೆನ್ಸ್‌ನ ಸ್ವಲ್ಪ ಪಕ್ಕಕ್ಕೆ ನೋಡಿದರೆ ಸಾಕು. ಮುಂದೆ ಬಂದರೆ ಪಾದ ಫ್ರೇಮ್‌ನಿಂದ ಹೊರಗೆ. ಹಾಗಾಗಿ ಹಿಂದೆ-ಮುಂದೆ ಚಲನೆ ಕಡಿಮೆ ಮಾಡಿ, ನೆಲಕ್ಕೆ ಟೇಪ್ ಅಂಟಿಸಿದೆ. ಕೊನೆಗೆ ಅಸುರ ತಲೆ ಮೇಲೆ ಕೈ ಇಡುವಾಗ ಕ್ಯಾಮೆರಾ ಹತ್ತಿರ ಇರುವುದೇ ಲಾಭವಾಯಿತು. ಕೈ ನಿಧಾನಕ್ಕೆ ಏರುವಾಗ ಅವನ ಕಣ್ಣಿನ ಮೋಹ ಹತ್ತಿರದಿಂದ ಕಾಣುತ್ತದೆ. ಸಭಾಂಗಣದ ಹಿಂದಿನ ಸಾಲಿಗೆ ಅದು ಎಂದೂ ತಲುಪಿರಲಿಲ್ಲ.

ಪ್ರೀಮಿಯರ್‌ನಲ್ಲಿ ಎಲ್ಲರೂ ಒಟ್ಟಿಗೆ ನೋಡುತ್ತಾರೆ, ಚಾಟ್ ಇರುತ್ತದೆ. ಬೇರೆಯವರ ಆಲ್ಬಂ ಹಾಡು ಬಳಸಿದರೆ ಕಾಪಿರೈಟ್ ಕ್ಲೇಮ್ ಬರಬಹುದು.

ನನ್ನ ಹತ್ತಿರ ಇರುವುದು ಫೋನು, ಟ್ರೈಪಾಡು, ವೈರ್ ಸ್ಪೀಕರ್. ಹೊಸ ಕ್ಯಾಮೆರಾಗೆ ದುಡ್ಡಿಲ್ಲ. ಅಭ್ಯಾಸ ಮಾಡುವುದೂ ಬೆಳಗ್ಗೆ ಬೇಗ, ಆಗ ಬೀದಿ ಸದ್ದು ಕಡಿಮೆ. ಅದಕ್ಕೆ ರೆಕಾರ್ಡಿಂಗೇ ಸರಿ. ಹಾಡುವವರು, ಮೃದಂಗದವರು ಅದೇ ರೂಮಿನಲ್ಲಿ ಕೂರುತ್ತಾರೆ ಎಂದಾದರೆ ಮಾತ್ರ ನಾನು ಮೊಬೈಲ್ ಲೈವ್‌ಗೆ ಹೋಗುತ್ತೇನೆ.