ಸಿಎಲ್‌ಎ ಓದದೆ ಕ್ಲಿಕ್ ಮಾಡಿದೆ, ಈಗ ನಾನೇ ಬರೆದ ಕೋಡಿಗೆ ದುಡ್ಡು ಕೊಡಬೇಕಂತೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಸಿಎಲ್‌ಎಯನ್ನು, ಅಂದರೆ ಕೋಡ್ ಕೊಡುವವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಂದವನ್ನು, ಓದದೆ ಕ್ಲಿಕ್ ಮಾಡಿದವನು ನಾನೇ. ಆದರೂ ಹೊಟ್ಟೆ ಉರಿಯುತ್ತಿದೆ, ಬರೆಯದೆ ಇರೋಕೆ ಆಗುತ್ತಿಲ್ಲ.

ಒಂದು ಕಂಪನಿಯ ಬ್ಯಾಕಪ್ ಸಾಫ್ಟ್‌ವೇರ್. ಹೆಸರು ಬೇಡ. ಓಪನ್ ಸೋರ್ಸ್, ಜಿಪಿಎಲ್ ಲೈಸೆನ್ಸ್. ಅಂದರೆ ಕೋಡನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು, ಬದಲಿಸಬಹುದು; ಬದಲಿಸಿ ಹಂಚಿದರೆ ಅದೂ ಹಾಗೇ ತೆರೆದಿರಬೇಕು. ಮೂರು ವರ್ಷ ಅದಕ್ಕೆ ಪುಕ್ಕಟೆ ದುಡಿದಿದ್ದೇನೆ. ದೊಡ್ಡ ಫೈಲ್ ಹೋಗುತ್ತಿರುವಾಗ ನೆಟ್ ಕಟ್ ಆದರೆ ಅದು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಿತ್ತು. 90 ಪರ್ಸೆಂಟ್ ಮುಗಿದಿದ್ದರೂ ಸೊನ್ನೆಯಿಂದ! ನಿಂತಲ್ಲಿಂದಲೇ ಮುಂದುವರಿಯುವ ಹಾಗೆ ಮಾಡಿದ್ದು ನಾನು. ಎರಡು ತಿಂಗಳ ಶನಿವಾರ, ಭಾನುವಾರ ಎಲ್ಲಾ ಅದಕ್ಕೇ ಹೋಯಿತು.

ಮೊದಲ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಹಾಕಿದಾಗಲೇ ಅವರ ಬಾಟ್, ಅಂದರೆ ತಾನಾಗಿಯೇ ಉತ್ತರಿಸುವ ಪ್ರೋಗ್ರಾಂ ಬಂದು, ಸಿಎಲ್‌ಎಗೆ ಸಹಿ ಹಾಕಿ, ಆಮೇಲೆ ಮರ್ಜ್ (ಸೇರಿಸಿಕೊಳ್ಳೋದು) ಅಂತು. ಎಲ್ಲರೂ ಮಾಡುವುದನ್ನೇ ಮಾಡಿದೆ. ಕೆಳಗಿನವರೆಗೆ ಎಳೆದೆ, ಒಪ್ಪಿದೆ ಅಂತ ಒತ್ತಿದೆ. ಹಸಿರು ಟಿಕ್ ಬಂತು, ಖುಷಿ ಆಯ್ತು. ಜಿಪಿಎಲ್ ಇದೆಯಲ್ಲ, ಇದನ್ನು ಮುಚ್ಚೋಕೆ ಯಾರಿಂದ ಆಗುತ್ತೆ ಅನ್ನೋ ಧೈರ್ಯ ಬೇರೆ.

ಹೋದ ತಿಂಗಳು ಲೈಸೆನ್ಸ್ ಬದಲಾಯಿಸಿದರು. ಬೆಲೆಯ ಪುಟ ತೆರೆದೆ. ಸೌಲಭ್ಯಗಳ ಪಟ್ಟಿಯಲ್ಲಿ ಮೂರನೇ ಸಾಲು: "ನಿಂತಲ್ಲಿಂದಲೇ ಮುಂದುವರಿಯುವ ಬ್ಯಾಕಪ್." ಪಕ್ಕದಲ್ಲಿ ಸಣ್ಣದೊಂದು ಬೀಗದ ಚಿತ್ರ. ದುಡ್ಡು ಕೊಟ್ಟವರಿಗೆ ಮಾತ್ರ. ಬೀಗ! ನಾನು ಬರೆದದ್ದಕ್ಕೆ ಬೀಗ! ಕೋಡ್ ತೆಗೆದು ನೋಡಿದೆ. ನೋಡೋಕೆ ಈಗಲೂ ಬಿಡುತ್ತಾರೆ, ಬಳಸೋಕೆ ಅಲ್ಲ. "ಇದು ಕೊಳಕಾಗಿದೆ, ಆದರೆ ಕೆಲಸ ಮಾಡುತ್ತೆ" ಅಂತ ನಾನು ಹಾಕಿದ್ದ ಕಾಮೆಂಟ್ ಕೂಡ ಹಾಗೇ ಕೂತಿದೆ.

ಆಫೀಸಿನಲ್ಲಿ ಇದನ್ನೇ ಬಳಸೋಣ ಅಂತ ಹಠ ಹಿಡಿದಿದ್ದವನೂ ನಾನೇ. ಮ್ಯಾನೇಜರ್ ಎಲ್ಲರ ಎದುರು ಕೇಳಿದರು, "ನೀವೇ ಬರೆದಿದ್ದು ಅಂತಿದ್ರಲ್ಲ, ಈಗ ದುಡ್ಡು ಯಾಕೆ?" ನೆಲ ನೋಡುತ್ತಾ ಕೂತೆ.

ಕಂಪನಿಗೆ ಬರೆದೆ. "ನಿಮ್ಮ ಕೊಡುಗೆಗೆ ನಾವು ಸದಾ ಋಣಿ." ಸರಿ, ಹಾಗಾದರೆ ಋಣ ತೀರಿಸಿ ಅಂದೆ. "ನೀವು ಸಹಿ ಹಾಕಿದ ಒಪ್ಪಂದದ ಪ್ರಕಾರ ಯಾವ ಲೈಸೆನ್ಸ್‌ನಲ್ಲಾದರೂ ಕೊಡುವ ಹಕ್ಕು ನಮಗಿದೆ." ಮತ್ತೆ ಬರೆದೆ. "ಹಳೆಯ ಆವೃತ್ತಿ ಈಗಲೂ ಜಿಪಿಎಲ್‌ನಲ್ಲೇ ಇದೆ, ಧಾರಾಳವಾಗಿ ಬಳಸಿ." ಧಾರಾಳವಂತೆ! ಸೆಕ್ಯುರಿಟಿ ಪ್ಯಾಚ್ ಬರುವುದು ಹೊಸದಕ್ಕೆ ಮಾತ್ರ. ಕೊನೆಗೆ ಅವರ ಪುಟದಲ್ಲಿ ನಾನು ಹಾಕಿದ್ದ ಇಶ್ಯೂವನ್ನೇ, ಅಂದರೆ ದೂರನ್ನೇ ಮುಚ್ಚಿದರು. ಮುಚ್ಚಿದ್ದು ಅದೇ ಬಾಟ್. ಕಾರಣ, "ಚಟುವಟಿಕೆ ಇಲ್ಲ." ದಿನಕ್ಕೆ ಎರಡು ಸಲ ಬರೀತಿದ್ದೆ ಮಾರಾಯ್ರೇ!

ನಾಚಿಕೆ ಆಗೋದು ಯಾಕೆ ಅಂದರೆ, ಇದೇನು ಹೊಸದಲ್ಲ. 2018ರಲ್ಲಿ ಮೊಂಗೋಡಿಬಿ ಅನ್ನೋ ಡೇಟಾಬೇಸ್ ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟು, ಹೆಚ್ಚು ಕಟ್ಟುಪಾಡು ಇರುವ ಎಸ್‌ಎಸ್‌ಪಿಎಲ್‌ಗೆ ಹೋಯಿತು. 2021ರಲ್ಲಿ ಎಲಾಸ್ಟಿಕ್‌ಸರ್ಚ್, 2023ರಲ್ಲಿ ಟೆರಾಫಾರ್ಮ್, 2024ರಲ್ಲಿ ರೆಡಿಸ್ ಸಾಫ್ಟ್‌ವೇರ್‌ಗಳೂ ಹೀಗೇ ಲೈಸೆನ್ಸ್ ಬದಲಿಸಿದವು. ಟೆರಾಫಾರ್ಮ್‌ಗೆ ಓಪನ್‌ಟೋಫು, ರೆಡಿಸ್‌ಗೆ ವಾಲ್ಕೀ ಅಂತ ಫೋರ್ಕ್, ಅಂದರೆ ಹಳೆಯ ತೆರೆದ ಕೋಡಿನಿಂದ ಕವಲೊಡೆದ ಬೇರೆ ಸಾಫ್ಟ್‌ವೇರ್ ಹುಟ್ಟಿಕೊಂಡವು. ನಮ್ಮ ಈ ಸಣ್ಣ ಸಾಫ್ಟ್‌ವೇರನ್ನು ಫೋರ್ಕ್ ಮಾಡಿ ಸಾಕುವವರು ಯಾರು? ಇದನ್ನೆಲ್ಲಾ ಓದಿ, ಜನ ನೋಡಿ ಸಹಿ ಹಾಕಬಾರದಾ ಅಂತ ಬುದ್ಧಿ ಹೇಳಿದವನು ನಾನು.

ಒಬ್ಬೊಬ್ಬರು ಬರೆದ ಜಿಪಿಎಲ್ ಕೋಡನ್ನು ಬೇರೆ ಲೈಸೆನ್ಸ್‌ಗೆ ಹಾಕಬೇಕಾದರೆ ಅವರವರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನೇ ಇಂಥ ಸಿಎಲ್‌ಎ ಮೊದಲೇ ಬರೆಸಿಕೊಳ್ಳುತ್ತೆ. ಲಿನಕ್ಸ್ ಕರ್ನಲ್‌ಗೆ ಸಿಎಲ್‌ಎ ಇಲ್ಲ. ಪ್ರತಿ ಕಮಿಟ್ (ಕೋಡಿನ ಬದಲಾವಣೆಯ ದಾಖಲೆ) ಕೆಳಗೆ, ಇದನ್ನು ಕೊಡುವ ಹಕ್ಕು ನನಗಿದೆ ಅನ್ನೋ ಅರ್ಥದಲ್ಲಿ "ಸೈನ್ಡ್-ಆಫ್-ಬೈ" ಅಂತ ಒಂದು ಸಾಲು ಹಾಕಿದರೆ ಸಾಕು. ಹಾಗಾಗಿ ಲೈಸೆನ್ಸ್ ಕಡತ ಒಂದನ್ನೇ ನೋಡಿ ಸುಮ್ನೆ ನಂಬಬೇಡಿ. ಸಿಎಲ್‌ಎಯಲ್ಲಿ "ಸಬ್‌ಲೈಸೆನ್ಸ್" (ಬೇರೆಯವರಿಗೆ ಲೈಸೆನ್ಸ್ ಕೊಡೋದು), "ರೀಲೈಸೆನ್ಸ್" (ಲೈಸೆನ್ಸ್ ಬದಲಿಸೋದು) ಅನ್ನೋ ಪದ ಹುಡುಕಿ. ಸಿಕ್ಕರೆ, ಹಿಂದೆ ಒಂದೇ ಕಂಪನಿ ಇದ್ದರೆ, ನಿಮ್ಮ ಭಾನುವಾರ ನೀವೇ ಇಟ್ಟುಕೊಳ್ಳಿ.

ನಿನ್ನೆ ಅವರಿಂದ ಇನ್ನೊಂದು ಮೇಲ್. ದುಡ್ಡು ಕೊಟ್ಟ ಗ್ರಾಹಕರೊಬ್ಬರಿಗೆ ಬ್ಯಾಕಪ್ ಮಧ್ಯದಿಂದ ಮುಂದುವರಿಯುತ್ತಿಲ್ಲವಂತೆ. "ಆ ಭಾಗ ನಿಮಗೇ ಚೆನ್ನಾಗಿ ಗೊತ್ತು. ಸ್ವಲ್ಪ ನೋಡ್ತೀರಾ?"

ಬಗ್ ಎಲ್ಲಿದೆ ಅಂತ ಗೊತ್ತು. ಉತ್ತರ ಕೊಟ್ಟಿಲ್ಲ.