ಕಲಬುರಗಿಯ ಡಿಟಿಎಫ್ ಪ್ರಿಂಟ್: ಮಾನಸಿಕ ಆರೋಗ್ಯದ ಟೀ ಶರ್ಟ್ ಮಾಡುವವರಿಗೆ ಎಷ್ಟು ಒಗ್ಗುತ್ತದೆ?

ಫ್ಲೆಕ್ಸು, ಬ್ಯಾನರು ಮಾಡುತ್ತಿದ್ದ ಕಲಬುರಗಿಯ ಅಂಗಡಿಗಳು ಈಗ ಟೀ ಶರ್ಟಿಗೂ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್, ಅಂದರೆ ಮೊದಲು ಫಿಲ್ಮಿಗೆ ಅಚ್ಚು ಹಾಕಿ ಆಮೇಲೆ ಬಟ್ಟೆಗೆ ಒತ್ತುವ) ಪ್ರಿಂಟ್ ಹಾಕಿಕೊಡುತ್ತವೆ. ಮಾನಸಿಕ ಆರೋಗ್ಯದ ಬಗ್ಗೆ ಜನ ಬಾಯಿಬಿಟ್ಟು ಮಾತಾಡಲಿ ಎಂದು ಸಣ್ಣದಾಗಿ ಬಟ್ಟೆ ವ್ಯಾಪಾರ ಶುರು ಮಾಡುವವರಿಗೆ ಈ ಸೇವೆ ಸರಿಹೋಗುತ್ತದೆಯೇ ಎಂಬುದನ್ನು ಇಲ್ಲಿ ನೋಡೋಣ. ಐವತ್ತು ಶರ್ಟಿನೊಳಗಿನ ಆರ್ಡರ್, ಎಡ ಎದೆಯ ಮೇಲೆ ಅಂಗೈಯಷ್ಟು ವಿನ್ಯಾಸ ಎಂದಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳಬಹುದು. ಬೆನ್ನು ತುಂಬ ಚಿತ್ರ ಬೇಕು ಅನ್ನುವವರಿಗೆ ಮಾತ್ರ ಬೇಡ ಎಂದೇ ಹೇಳಬೇಕು.

ಕಾರಣ ಇಲ್ಲಿನ ಬಿಸಿಲು. ಡಿಟಿಎಫ್‌ನಲ್ಲಿ ಮೊದಲು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬಣ್ಣ, ಅದರ ಮೇಲೆ ಬಿಳಿ ಇಂಕು ಬೀಳುತ್ತದೆ. ಹಸಿ ಇರುವಾಗಲೇ ಅಂಟಿನ ಪುಡಿ ಉದುರಿಸಿ ಕರಗಿಸುತ್ತಾರೆ. ಆಮೇಲೆ ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತುತ್ತಾರೆ. ಬಟ್ಟೆಯ ಮೇಲೆ ಉಳಿಯುವುದು ಗಾಳಿ ಆಡದ ಪದರ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅಷ್ಟಗಲದ ಪದರ ಬೆನ್ನಿಗಿದ್ದರೆ ಅದರಡಿ ಬೆವರು ಕಟ್ಟುತ್ತದೆ, ಶರ್ಟು ಒಂದೆರಡು ಸಲ ಹಾಕಿ ಕಪಾಟು ಸೇರುತ್ತದೆ. ಯಾರೂ ತೊಡದ ಶರ್ಟಿನಿಂದ ಯಾವ ಜಾಗೃತಿಯೂ ಆಗದು. ಶಾಖಕ್ಕೆ ಇಂಕು ಆವಿಯಾಗಿ ನೂಲಿನೊಳಗೇ ಇಳಿಯುವ ಸಬ್ಲಿಮೇಶನ್ ಪ್ರಿಂಟಿಗೆ ಈ ಪದರದ ತೊಂದರೆ ಇಲ್ಲ, ಆದರೆ ಅದು ತಿಳಿಬಣ್ಣದ ಪಾಲಿಯೆಸ್ಟರಿಗೆ ಮಾತ್ರ ಹಿಡಿಯುತ್ತದೆ. ಒಂದೇ ಬಣ್ಣದ ವಿನ್ಯಾಸದಲ್ಲಿ ನೂರಕ್ಕೂ ಹೆಚ್ಚು ಶರ್ಟು ಬೇಕಾದರೆ ಸ್ಕ್ರೀನ್ ಪ್ರಿಂಟೇ ಅಗ್ಗ. ಬಣ್ಣಕ್ಕೊಂದು ಸ್ಕ್ರೀನ್ ಮಾಡಿಸಬೇಕಾದ್ದರಿಂದ ಹತ್ತಿಪ್ಪತ್ತು ಶರ್ಟಿಗೆ ಮಾತ್ರ ಅದು ಗಿಟ್ಟುವುದಿಲ್ಲ.

ಖಾಲಿ ಶರ್ಟನ್ನು ಅಂಗಡಿಯವರೇ ಕೊಡುತ್ತೇವೆ ಅಂದರೆ ಒಪ್ಪುವ ಮುಂಚೆ ಒಳಗಿನ ಲೇಬಲ್ ನೋಡಿ. ಕಡಿಮೆ ದರದ್ದರಲ್ಲಿ ಪಾಲಿಯೆಸ್ಟರ್ ಬೆರಕೆ ಇರುವುದು ಹೆಚ್ಚು. ಗಾಢ ಕೆಂಪು ಬಣ್ಣದ ಪಾಲಿಯೆಸ್ಟರ್ ಆದರೆ ಪ್ರೆಸ್ಸಿನ ಶಾಖಕ್ಕೆ ಬಟ್ಟೆಯ ಬಣ್ಣವೇ ಮೇಲೆದ್ದು ಬಿಳಿ ಅಕ್ಷರ ಗುಲಾಬಿಯಾಗಬಹುದು. ಇಲ್ಲಿಗೆ ಚದರ ಮೀಟರಿಗೆ 180 ಗ್ರಾಂ ತೂಗುವ, ಅಂದರೆ 180 ಜಿಎಸ್‌ಎಂನ ಬಯೋವಾಶ್ ಮಾಡಿದ (ಕಿಣ್ವದಿಂದ ತೊಳೆದು ನುಣುಪಾಗಿಸಿದ) ಹತ್ತಿ ಬಟ್ಟೆ ಸಾಕು. ಫ್ಯಾಶನ್ ಎಂದು 240 ಜಿಎಸ್‌ಎಂ ತರಿಸಿದರೆ ಚಳಿಗಾಲ ಬಿಟ್ಟು ಮಾರಾಟವಾಗುವುದು ಕಷ್ಟ. ಸೊಲ್ಲಾಪುರ ಹತ್ತಿರವೇ ಇದೆ, ಆದರೆ ಅಲ್ಲಿನ ಹೆಸರು ಟವೆಲ್ಲು, ಚಾದರ, ಯೂನಿಫಾರ್ಮಿನದು. ಟೀ ಶರ್ಟಿಗೆ ತಿರುಪ್ಪೂರಿನ ಮಾಲನ್ನೇ ತರಿಸಿ.

ಈ ಸೇವೆಯ ದೊಡ್ಡ ಕೊರತೆ ಕನ್ನಡ ಅಕ್ಷರ. ಯಂತ್ರದ ತಪ್ಪಲ್ಲ, ಫೈಲಿನದು. ನೀವು ವಾಟ್ಸಾಪಿನಲ್ಲಿ ‘ಮನಸ್ಸು ಹ್ಯಾಂಗ ಅದ?’ ಎಂದು ಯೂನಿಕೋಡ್‌ನಲ್ಲಿ ಕಳಿಸುತ್ತೀರಿ. ಅಂಗಡಿಯ ವಿನ್ಯಾಸ ತಂತ್ರಾಂಶವಾದ ಹಳೆಯ ಕೋರೆಲ್‌ಡ್ರಾಗೆ ಬೇಕಾದದ್ದು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೇ ಅಕ್ಷರ. ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕದಿದ್ದರೂ ಅದೇ ಕಥೆ: ‘ಸ್ಸು’ ಒಡೆದು ‘ಸ್‌ಸು’ ಆಗುತ್ತದೆ, ‘ಹ್ಯಾಂ’ ಹೋಗಿ ‘ಹ್‌ಯಾಂ’ ಬರುತ್ತದೆ. ಅವಸರದಲ್ಲಿ ಯಾರೂ ಗಮನಿಸುವುದಿಲ್ಲ, ಮೂವತ್ತು ಶರ್ಟು ಹಾಳು. ಆದ್ದರಿಂದ ಅಕ್ಷರವನ್ನು ಕರ್ವ್ ಮಾಡಿಸಿ (ಫಾಂಟ್ ಬೇಕಿಲ್ಲದಂತೆ ಗೆರೆಚಿತ್ರವಾಗಿ ಬದಲಿಸಿ) ಪಿಡಿಎಫ್ ಕೊಡಿ, ಇಲ್ಲವೇ 300 ಡಿಪಿಐನಲ್ಲಿ ಹಿನ್ನೆಲೆ ತೆಗೆದ ಪಿಎನ್‌ಜಿ ಕೊಡಿ. ಹಿನ್ನೆಲೆ ತೆಗೆಯದಿದ್ದರೆ ಅಕ್ಷರದ ಸುತ್ತ ಬಿಳಿ ಚೌಕವೂ ಅಚ್ಚಾಗಿ ಬರುತ್ತದೆ. ಒತ್ತಕ್ಷರದ ಗೆರೆ ಸುಮಾರು ಒಂದು ಮಿಲಿಮೀಟರ್ ದಪ್ಪವಿರಲಿ. ಅದಕ್ಕಿಂತ ತೆಳುವಾದರೆ ಅಂಟಿನ ಪುಡಿ ಸಾಕಷ್ಟು ಹಿಡಿಯುವುದಿಲ್ಲ, ಒಗೆತಕ್ಕೆ ಮೊದಲು ಏಳುವುದು ಆ ಒತ್ತೇ. ಪಕ್ಕದ ಬೀದರ್ ಜಿಲ್ಲೆಗಾಗಿ ಉರ್ದು, ಮರಾಠಿಯಲ್ಲೂ ಮಾಡಿಸುವವರು ಆ ಭಾಷೆ ಓದುವವರಿಂದ ಪ್ರೂಫ್ ನೋಡಿಸಲೇಬೇಕು.

ಜಾಗೃತಿಯ ಗುರುತಾದ ಹಸಿರು ರಿಬ್ಬನ್ನು ಮೊಬೈಲ್ ಪರದೆಯಲ್ಲಿ ಕಣ್ಣು ಕುಕ್ಕುವಂತಿರುತ್ತದೆ, ಅಚ್ಚಿನಲ್ಲಿ ಮಂಕಾಗುತ್ತದೆ. ಪರದೆಯ ಆ ಹೊಳಪು ಇಂಕಿಗೆ ಬರುವುದಿಲ್ಲ. ಮೊದಲೇ ಸ್ವಲ್ಪ ಗಾಢವಾದ ಹಸಿರು ಆರಿಸಿಕೊಳ್ಳಿ.

ದರವನ್ನು ಶರ್ಟಿನ ಲೆಕ್ಕದಲ್ಲಿ ಕೇಳಬೇಡಿ, ಫಿಲ್ಮಿನ ಮೀಟರ್ ಲೆಕ್ಕದಲ್ಲಿ ಕೇಳಿ. ಅಚ್ಚಾಗುವ ಅಗಲ 56 ಸೆಂ.ಮೀ. ಇದ್ದರೆ, ಒಂದರಿಂದ ಒಂದಕ್ಕೆ ಒಂದು ಸೆಂ.ಮೀ. ಬಿಟ್ಟು 8 ಸೆಂ.ಮೀ. ಚೌಕದ ವಿನ್ಯಾಸ ಅಡ್ಡಕ್ಕೆ 6, ಉದ್ದಕ್ಕೆ 11, ಅಂದರೆ ಮೀಟರಿಗೆ 66 ಕೂರುತ್ತವೆ. ಅದೇ ಎದೆ ತುಂಬುವ 27×19 ಸೆಂ.ಮೀ. ವಿನ್ಯಾಸವಾದರೆ ಹತ್ತೇ. ಸಣ್ಣದು ಮಾಡಿದರೆ ಸೆಕೆಯೂ ಕಡಿಮೆ, ಖರ್ಚೂ ಕಡಿಮೆ. ಫಿಲ್ಮು ಮಾತ್ರ ತಂದಿಟ್ಟುಕೊಂಡು ಆರ್ಡರ್ ಬಂದ ಸೈಜಿನ ಶರ್ಟಿಗೆ ಬೇಕಾದಾಗ ಒತ್ತಿಸಬಹುದು. ಎಕ್ಸ್‌ಎಲ್ ಖಾಲಿ, ಸ್ಮಾಲ್ ರಾಶಿ ಅನ್ನುವ ಪಾಡು ಹೀಗೆ ತಪ್ಪುತ್ತದೆ. ಡಿಟಿಎಫ್‌ನ ನಿಜವಾದ ಲಾಭ ಇದೇ.

ಒತ್ತುವಾಗ ಎದುರಿಗೇ ನಿಂತು ನೋಡಿ. ಮೊದಲು ಬರೀ ಬಟ್ಟೆಯನ್ನು ನಾಲ್ಕೈದು ಸೆಕೆಂಡು ಒತ್ತಿ ತೇವ ತೆಗೆಯಬೇಕು. ಆಮೇಲೆ 150–160 ಡಿಗ್ರಿಯಲ್ಲಿ 10–15 ಸೆಕೆಂಡು. ತಣ್ಣಗಾದ ಮೇಲೆ ಬಿಡಿಸುವ ಫಿಲ್ಮನ್ನು ಬಿಸಿಯಲ್ಲೇ ಎಳೆದರೆ ಅಕ್ಷರವೂ ಜೊತೆಗೆ ಬರುತ್ತದೆ. ಬಿಡಿಸಿದ ಮೇಲೆ ಹಾಳೆ ಇಟ್ಟು ಇನ್ನೊಮ್ಮೆ ಐದಾರು ಸೆಕೆಂಡು ಒತ್ತಬೇಕು. ಸಾಲು ನಿಂತಾಗ ಅಂಗಡಿಯವರು ಬಿಡುವುದು ಈ ಕೊನೆಯ ಹಂತವನ್ನೇ, ಅಂಚು ಏಳಲು ಅರ್ಧ ಕಾರಣವೂ ಅದೇ. ಕಾಲರ್ ಅಥವಾ ಹೊಲಿಗೆ ಪ್ಲೇಟಿನಡಿ ಸಿಕ್ಕರೆ ಅದರ ಪಕ್ಕದ ಜಾಗಕ್ಕೆ ಒತ್ತಡ ಬೀಳುವುದಿಲ್ಲ, ಆ ಭಾಗ ಹೊರಗೆ ಇಳಿಬಿಡಿಸಿ. ಒಂದು ಶರ್ಟು ಮಾಡಿಸಿ, ಒಂದು ದಿನ ಬಿಟ್ಟು, ಮನೆಯ ಬೋರ್‌ವೆಲ್ ನೀರಿನಲ್ಲೇ ಐದು ಸಲ ಒಗೆದು ನೋಡಿ, ಆಮೇಲೆ ಉಳಿದದ್ದಕ್ಕೆ ಮುಂಗಡ ಕೊಡಿ.

ಶರ್ಟಿನ ಮೇಲೆ ಏನು ಬರೆಯಬೇಕು ಎಂಬುದನ್ನು ಪ್ರಿಂಟ್ ಅಂಗಡಿಗೆ ಬಿಡುವಂತಿಲ್ಲ. ನೇಣು, ಮಾತ್ರೆ, ಕೊಯ್ದ ಕೈ ಇಂಥ ಚಿತ್ರ ಯಾವ ನೆಪಕ್ಕೂ ಬೇಡ. ನೊಂದವರಿಗೆ ಅದು ದಾರಿ ತೋರಿಸಿದಂತಾಗಬಹುದು. ‘ಹುಚ್ಚು’ ಎಂಬ ತಮಾಷೆಯೂ ಬೇಡ. ಬರಹವನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಗೆ ಒಮ್ಮೆ ತೋರಿಸಿ. ಟೆಲಿ ಮಾನಸ್‌ನ 14416 ನಂಬರ್ ಹಾಕುವುದು ಒಳ್ಳೆಯದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆದರೆ ಅದನ್ನು ಎದೆಯ ಮೇಲೆ ಹಾಕುವುದಕ್ಕಿಂತ ಶರ್ಟಿನ ಕೆಳ ಅಂಚಿನ ಒಳಬದಿಗೆ, ತೊಟ್ಟವರು ಅಂಚು ಮಡಚಿದರೆ ನೇರವಾಗಿ ಓದುವಂತೆ ಒತ್ತಿಸಿ. ಬೇಕಾದವರಿಗೆ ಕಾಣುತ್ತದೆ, ಎದುರಿನವರಿಗೆ ಕಾಣುವುದಿಲ್ಲ. ಸರ್ಕಾರದ್ದಾಗಲಿ, ನಿಮ್ಹಾನ್ಸ್‌ದಾಗಲಿ ಲಾಂಛನವನ್ನು ಅನುಮತಿ ಇಲ್ಲದೆ ಬಳಸಬೇಡಿ. ‘ಲಾಭದ ಒಂದು ಪಾಲು ಸೇವೆಗೆ’ ಎಂದು ಬರೆಯುವ ಬದಲು ಶರ್ಟಿಗೆ ಎಷ್ಟು ರೂಪಾಯಿ, ಯಾರಿಗೆ ಎಂದು ಟ್ಯಾಗಿನಲ್ಲೇ ಹಾಕಿ, ರಸೀದಿ ತೋರಿಸಿ.

ತೆರಿಗೆಯ ವಿಷಯ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5%. ರಾಜ್ಯದೊಳಗೇ ಮಾರುತ್ತ, ವಹಿವಾಟು ವರ್ಷಕ್ಕೆ 40 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ಬೀದರಿನವರು ಪಕ್ಕದ ಜಹೀರಾಬಾದಿಗೋ ಉದಗೀರಿಗೋ ಮಾಲು ಕಳಿಸಿದರೆ ಅದು ಬೇರೆ ರಾಜ್ಯ, ಮೊದಲ ಶರ್ಟಿನಿಂದಲೇ ನೋಂದಣಿ ಕಡ್ಡಾಯ.

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಮಾಲು ಬೇಕಾದವರು ಆಗಸ್ಟಿನಲ್ಲೇ ಮಾದರಿ ಶರ್ಟು ಮಾಡಿಸಿ. ಗಣೇಶ ಹಬ್ಬ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ದಸರಾ ಒಂದರ ಹಿಂದೆ ಒಂದು ಬರುವಾಗ ಪ್ರಿಂಟ್ ಅಂಗಡಿಗಳಿಗೆ ಬ್ಯಾನರಿನ ಕೆಲಸವೇ ಮೊದಲು. ಆಗ ಕೊಟ್ಟ ಸಣ್ಣ ಆರ್ಡರ್ ಕೊನೆಗೆ ಉಳಿಯುತ್ತದೆ, ಅವಸರದಲ್ಲಿ ಒತ್ತಿದ ಮಾಲೇ ಕೈಗೆ ಸಿಗುತ್ತದೆ.