ಅಸರ್ ಓದಿನ ಹಾಳೆ: ಮಗುವಿಗೆ ನಿಜಕ್ಕೂ ಎಷ್ಟು ಬರುತ್ತದೆ ಎಂದು ಮನೆಯಲ್ಲೇ ತಿಳಿಯುವ ಸಾಧನ

ಐದನೇ ಕ್ಲಾಸಿನ ಮಗುವಿನ ನೋಟ್‌ಬುಕ್ ತೆಗೆದು ನೋಡಿ. ಅಕ್ಷರ ದುಂಡಗೆ, ಪ್ರತಿ ಪುಟಕ್ಕೂ ಕೆಂಪು ಶಾಯಿಯ ರೈಟ್ ಗುರುತು, ಕೆಳಗೆ ತಾರೀಕು ಸಮೇತ ಸಹಿ. ಅದೇ ಪುಟದ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದನ್ನ ಓದು’ ಎಂದರೆ ಎಷ್ಟೋ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಬೋರ್ಡ್ ನೋಡಿ ಬರೆದ ಮಾತ್ರಕ್ಕೆ ಓದು ಬಂತು ಎಂದಲ್ಲ. ಅಂಕಪಟ್ಟಿಯಾಗಲಿ, ತಿಂಗಳು ತಿಂಗಳು ಕಟ್ಟುವ ಟ್ಯೂಷನ್ ಫೀಸಾಗಲಿ ಈ ವ್ಯತ್ಯಾಸವನ್ನು ತೋರಿಸಿಕೊಡುವುದಿಲ್ಲ. ತೋರಿಸಿಕೊಡುವುದು ಅಸರ್ ಹಾಳೆ.

ಪ್ರಥಮ್ ಎಂಬ ಸರ್ಕಾರೇತರ ಸಂಸ್ಥೆ ಮಕ್ಕಳ ಓದು, ಲೆಕ್ಕ ಅಳೆಯಲು 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುತ್ತಿರುವ ಅಸರ್ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗುವ ಸ್ವಯಂಸೇವಕರು ಬಳಸುವುದು ಇದನ್ನೇ. 2024ರ ವರದಿಯಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಠ್ಯ ಓದಿದವರು ಶೇ 48.8, ಭಾಗಾಕಾರ ಮಾಡಿದವರು ಶೇ 30.7. ಈ ಅಂಕಿ ಪೇಪರಿನಲ್ಲಿ ಬಂದಾಗ ಎಲ್ಲರೂ ಸರ್ಕಾರವನ್ನೋ ಮೇಷ್ಟ್ರನ್ನೋ ಬೈಯುತ್ತೇವೆ. ತಮ್ಮ ಮಗು ಆ ಅರ್ಧದಲ್ಲಿ ಯಾವ ಕಡೆಗಿದೆ ಎಂದು ನೋಡುವ ತಂದೆ ತಾಯಿ ಕಡಿಮೆ. ನೋಡಲು ಹತ್ತು ನಿಮಿಷ ಸಾಕು, ಹಾಳೆ ಉಚಿತ. ಅಸರ್ ಜಾಲತಾಣದಲ್ಲಿ ಕನ್ನಡದ ಹಾಳೆಯೂ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆಸಿಕೊಳ್ಳಿ, ಮೊಬೈಲಿನಲ್ಲೇ ತೋರಿಸಬೇಡಿ. ಮಗು ಪರದೆ ಸರಿಸುತ್ತಾ ಕೂರುತ್ತದೆ, ಪರೀಕ್ಷೆ ಕೆಡುತ್ತದೆ.

ಹಾಳೆಯಲ್ಲಿ ನಾಲ್ಕು ಭಾಗ: ಬಿಡಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನ ಪ್ಯಾರಾ, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಗು ಎಷ್ಟನೇ ಕ್ಲಾಸಿನಲ್ಲೇ ಇರಲಿ, ಹಾಳೆ ಒಂದೇ. ಇದರ ಬಲ ಇರುವುದೇ ಇಲ್ಲಿ. ಕ್ಲಾಸಿಗೆ ತಕ್ಕ ಪ್ರಶ್ನೆಪತ್ರಿಕೆ ಕೊಟ್ಟು ‘ಫೇಲ್’ ಎಂದು ಹೇಳುವ ಬದಲು, ಯಾವ ಮೆಟ್ಟಿಲಿನವರೆಗೆ ಬರುತ್ತದೆ ಎಂದು ಇದು ಹೇಳುತ್ತದೆ.

ಶುರು ಮಾಡಬೇಕಾದ್ದು ಪ್ಯಾರಾದಿಂದ. ಬಹಳ ಜನ ತಪ್ಪುವುದು ಇಲ್ಲೇ, ಅಕ್ಷರದಿಂದ ಶುರು ಮಾಡಿ ಮಗುವನ್ನು ದಣಿಸಿಬಿಡುತ್ತಾರೆ. ಪ್ಯಾರಾವನ್ನು ಮೂರು ಅಥವಾ ಅದಕ್ಕಿಂತ ಕಡಿಮೆ ತಪ್ಪಿನಲ್ಲಿ, ವಾಕ್ಯದ ಧಾಟಿಯಲ್ಲಿ ಓದಿದರೆ ಕಥೆ ಕೊಡಿ. ನಿಧಾನವಾಗಿ ಓದಿದರೂ ಅಡ್ಡಿಯಿಲ್ಲ. ಆದರೆ ‘ನ... ನ್ನ... ಮ... ನೆ’ ಎಂದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದರೆ ಅದು ಪ್ಯಾರಾ ಮಟ್ಟ ಅಲ್ಲ, ಪದಗಳಿಗೆ ಇಳಿಯಿರಿ. ಮಗು ತಾನೇ ಆರಿಸಿದ ಐದು ಪದಗಳಲ್ಲಿ ನಾಲ್ಕು ಸರಿಯಿದ್ದರೆ ಪದದ ಮಟ್ಟ. ಆಗದಿದ್ದರೆ ಐದು ಅಕ್ಷರ, ಅಲ್ಲೂ ನಾಲ್ಕು ಸರಿಯಿರಬೇಕು. ನಡುವೆ ತಿದ್ದಬೇಡಿ, ಮೊದಲ ಅಕ್ಷರ ಎತ್ತಿಕೊಡಬೇಡಿ. ಅಜ್ಜಿ, ಅಕ್ಕ ಎಲ್ಲ ಸುತ್ತ ಕೂತಿದ್ದರೆ ಯಾರಾದರೊಬ್ಬರು ಹೇಳಿಕೊಟ್ಟೇ ಕೊಡುತ್ತಾರೆ, ಹಾಗಾಗಿ ಮಗುವಿನ ಜೊತೆ ನೀವೊಬ್ಬರೇ ಕೂರಿ. ಗಡಿಯಾರವೂ ಬೇಡ. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ಒಂದೇ ಪದವಾಗುವ ಭಾಷೆಯಲ್ಲಿ ನಿಮಿಷಕ್ಕೆ ಇಷ್ಟು ಪದ ಎಂದು ಎಣಿಸುವುದು ಅಷ್ಟಾಗಿ ಒಗ್ಗುವುದಿಲ್ಲ.

ಲೆಕ್ಕದ ಹಾಳೆಯಲ್ಲಿ ಮೊದಲು ದಶಕ ತೆಗೆದುಕೊಂಡು ಮಾಡುವ ಎರಡಂಕಿ ವ್ಯವಕಲನ. ಎರಡು ಲೆಕ್ಕ, ಎರಡೂ ಸರಿಯಿರಬೇಕು. ಆಮೇಲೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಒಂದು ಲೆಕ್ಕ. ಕಳೆಯಲು ಬಾರದಿದ್ದರೆ ಸಂಖ್ಯೆ ಗುರುತಿಸುವುದಕ್ಕೆ ಇಳಿಯಬೇಕು. ಉತ್ತರಕ್ಕಿಂತ ತಪ್ಪಿನ ಬಗೆಯನ್ನು ನೋಡಿ. 52ರಲ್ಲಿ 38 ಕಳೆ ಎಂದರೆ 26 ಬರೆದ ಮಗು ಅವಸರ ಮಾಡಿದ್ದಲ್ಲ. 2ರಲ್ಲಿ 8 ಹೋಗುವುದಿಲ್ಲ ಎಂದು 8ರಲ್ಲಿ 2 ಕಳೆದಿದೆ, ಅಂದರೆ ಬಿಡಿ-ಹತ್ತರ ಸ್ಥಾನಬೆಲೆಯೇ ಕೂತಿಲ್ಲ. ಇನ್ನೂ ಹತ್ತು ಲೆಕ್ಕ ಕೊಟ್ಟು ಕೂರಿಸಿದರೆ ಹತ್ತೂ ಹೀಗೇ ತಪ್ಪುತ್ತವೆ. ಕಡ್ಡಿಗಳನ್ನು ಹತ್ತತ್ತರ ಕಟ್ಟು ಕಟ್ಟಿ, ಐದು ಕಟ್ಟು ಎರಡು ಬಿಡಿ ಕಡ್ಡಿ ಕೈಗೆ ಕೊಡಿ. ಒಂದು ಕಟ್ಟು ಬಿಚ್ಚಿದಾಗ ಹನ್ನೆರಡು ಬಿಡಿ ಆಗುವುದನ್ನು ಅದೇ ಕಣ್ಣಾರೆ ಕಾಣಲಿ. ಹಾಗೆಯೇ 824ನ್ನು 4ರಿಂದ ಭಾಗಿಸಿ 26 ಎಂದು ಬರೆದರೆ ಮಗ್ಗಿ ಬರುತ್ತದೆ, ಭಾಗಲಬ್ಧದಲ್ಲಿ ಸೊನ್ನೆ ಬಿಟ್ಟುಹೋಗಿದೆ. ಸರಿ ಉತ್ತರ 206. ಅಂಥ ಮಗುವಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ.

ಇನ್ನು ಕೊರತೆಗಳು. ಕನ್ನಡದ ಮಟ್ಟಿಗೆ ದೊಡ್ಡ ಕೊರತೆ ಅಕ್ಷರಕ್ಕೂ ಪದಕ್ಕೂ ನಡುವೆ ಮೆಟ್ಟಿಲೇ ಇಲ್ಲದಿರುವುದು. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ, ಆದರೆ ಓದಲು ಬೇಕಾದ ಗುಣಿತಾಕ್ಷರದ ರೂಪಗಳು 400ಕ್ಕೂ ಹೆಚ್ಚು, ಅದರ ಮೇಲೆ ಒತ್ತಕ್ಷರ. ‘ಅಕ್ಷರ ಮಟ್ಟ’ ಎಂದು ಬರೆಸಿಕೊಳ್ಳುವ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಪ, ವ, ಷ ಗೊಂದಲವಿರಬಹುದು, ಇನ್ನೊಬ್ಬಳಿಗೆ ಅಕ್ಷರವೆಲ್ಲ ಬಂದು ಗುಣಿತದಲ್ಲಿ ನಿಂತಿರಬಹುದು. ಹಾಳೆ ಇಬ್ಬರನ್ನೂ ಒಂದೇ ಸಾಲಿಗೆ ಹಾಕುತ್ತದೆ. ಕಕಾ ಕಿಕೀ ಎಂದು ರಾಗವಾಗಿ ಹೇಳುವ ಮಗುವಿಗೆ ‘ಕೇ’ ಒಂದನ್ನೇ ಬರೆದು ತೋರಿಸಿದರೆ ಮತ್ತೆ ‘ಕ’ದಿಂದ ಹಾಡಿಕೊಂಡು ಬರುತ್ತದೆ, ಅದು ಗುರುತಿಸುವಿಕೆಯಲ್ಲ.

ಆದ್ದರಿಂದ ಈ ಹಾಳೆಯ ಜೊತೆ ಎರಡು ಚೀಟಿ ನೀವೇ ಬರೆದುಕೊಳ್ಳಬೇಕು. ಒಂದರಲ್ಲಿ ಸಾಲು ತಪ್ಪಿಸಿ ಹತ್ತು ಗುಣಿತ: ಕಿ, ಕೀ, ಮೊ, ಮೋ, ಗೆ, ಗೇ, ಸು, ಸೂ, ಬೈ, ರೌ. ಇನ್ನೊಂದರಲ್ಲಿ ಒತ್ತಕ್ಷರದ ಹತ್ತು ಪದ, ಮೊದಲು ಅಕ್ಕ, ಕಣ್ಣು, ಬಟ್ಟೆ ಥರದ ಸಜಾತೀಯ, ಆಮೇಲೆ ಪುಸ್ತಕ, ಚಕ್ರ, ಶಬ್ದ ಥರದ ವಿಜಾತೀಯ. ತ, ನ, ಮ, ಯ, ರ, ಲ ಒತ್ತುಗಳು ಮೂಲ ಅಕ್ಷರದಂತೆ ಕಾಣುವುದಿಲ್ಲ, ಮಕ್ಕಳು ಹೆಚ್ಚು ಎಡವುವುದು ಇವುಗಳಲ್ಲೇ. ಅರ್ಕಾವತ್ತನ್ನು ಕೊನೆಗೆ ಇಟ್ಟುಕೊಳ್ಳಿ, ಆ ಗುರುತು ಅಕ್ಷರದ ಆಚೆ ಕೂತರೂ ಉಚ್ಚಾರದಲ್ಲಿ ಮೊದಲು ಬರುತ್ತದೆ.

ಎರಡನೆಯ ಕೊರತೆ, ಕಥೆಯ ಮಟ್ಟ ಮುಟ್ಟಿದ ಮಗುವಿಗೆ ಎರಡನೇ ತರಗತಿಯ ಓದು ಬಂತು ಎಂದಷ್ಟೇ ಅರ್ಥ. ಏಳನೇ ಕ್ಲಾಸಿನ ಮಗು ಕಥೆ ಓದಿತೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಬರವಣಿಗೆಯ ಪರೀಕ್ಷೆಯೂ ಇದರಲ್ಲಿಲ್ಲ. ಕಥೆ ಮುಗಿದ ಮೇಲೆ ಹಾಳೆ ಮುಚ್ಚಿ ‘ಏನಾಯ್ತು ಹೇಳು’ ಎಂದು ಕೇಳುವ ಕೆಲಸ ನಿಮ್ಮದೇ. ಇಂಗ್ಲಿಷ್ ಮೀಡಿಯಂ ಮಕ್ಕಳ ವಿಷಯದಲ್ಲಂತೂ ಇದನ್ನು ಬಿಡಲೇಬಾರದು. ಅಸರ್‌ನ ಇಂಗ್ಲಿಷ್ ಹಾಳೆಯಲ್ಲಿ ಓದಿದ ಪದ, ವಾಕ್ಯಗಳ ಅರ್ಥವನ್ನು ಮಗುವಿನ ಭಾಷೆಯಲ್ಲೇ ಕೇಳುವ ಕ್ರಮವಿದೆ. ಸರಾಗವಾಗಿ ಓದಿ ಅರ್ಥ ಹೇಳಲಾಗದೆ ನಿಲ್ಲುವ ಮಕ್ಕಳು ಸಿಗುವುದು ಅಲ್ಲೇ.

ಫಲಿತಾಂಶ ಕೈಗೆ ಬಂದ ದಿನ ಮಗುವಿಗೆ ಬೈದರೆ ಈ ಸಾಧನ ಅಲ್ಲಿಗೆ ಮುಗಿಯಿತು, ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ. ‘ಪಕ್ಕದ ಮನೆ ಹುಡುಗ ಓದ್ತಾನೆ’ ಎಂಬ ಮಾತೂ ಬೇಡ. ಅಕ್ಷರ ಮಟ್ಟದ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ಗುಣಿತದ ಚೀಟಿ, ಪದ ಮಟ್ಟದ ಮಗುವಿಗೆ ಒಂದೇ ಪ್ಯಾರಾವನ್ನು ನೀವು ಒಮ್ಮೆ ಓದಿ, ಜೊತೆಯಾಗಿ ಒಮ್ಮೆ ಓದಿ, ಕೊನೆಗೆ ಅದೊಂದೇ ಓದುವುದು. ನಿಮಗೆ ಓದು ಬಾರದಿದ್ದರೆ ಕಥೆ ಹೇಳಿಸಿಕೊಂಡು ಕೇಳಿ, ಅರ್ಥವಾಯಿತೇ ಇಲ್ಲವೇ ಎಂದು ಗೊತ್ತಾಗಲು ಅಕ್ಷರ ಬರಬೇಕಿಲ್ಲ. ಒಂದನೇ ಕ್ಲಾಸಿನ ಮಗುವಿಗೆ ಮನೆಯಲ್ಲಿ ಅ ಆ ಇ ಈ ಕ್ರಮದಲ್ಲೇ ತಿದ್ದಿಸುವವರು ಒಂದು ವಿಷಯ ಗಮನಿಸಬೇಕು: ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂದು ಸಾಗುತ್ತದೆ, ಮೊದಲ ವಾರಗಳಲ್ಲೇ ‘ಅರಸ’, ‘ಸರ’ ಓದಲು ಬರಲಿ ಎಂದು. ಮನೆಯಲ್ಲೂ ಅದನ್ನೇ ಹಿಡಿದರೆ ಮಗುವಿಗೆ ಎರಡು ದಾರಿಯ ಗೊಂದಲವಿಲ್ಲ.

ಶಾಲೆಗೆ ಹೋದಾಗ ‘ಹೇಗೆ ಓದ್ತಾನೆ ಮೇಡಂ?’ ಎಂದು ಕೇಳಿದರೆ ‘ಪರವಾಗಿಲ್ಲ, ಸ್ವಲ್ಪ ಗಮನ ಕೊಡಿ’ ಎಂಬ ಉತ್ತರವೇ ಬರುವುದು. ‘ಮೇಡಂ, ಇವನು ಸರಳ ಪದ ಓದ್ತಾನೆ, ಒತ್ತಕ್ಷರ ಬಂದರೆ ನಿಲ್ಲಿಸ್ತಾನೆ. ನೀವು ಕ್ಲಾಸಲ್ಲಿ ಯಾವ ಹಂತದಲ್ಲಿ ಇಟ್ಟಿದ್ದೀರಿ, ಮನೇಲಿ ನಾವೇನು ಮಾಡೋದು?’ ಎಂದು ಕೇಳಿ. ಇಷ್ಟು ಖಚಿತವಾಗಿ ಕೇಳಿದಾಗ ಶಿಕ್ಷಕರೂ ಖಚಿತವಾಗಿ ಮಾತಾಡುತ್ತಾರೆ, ಏಕೆಂದರೆ ತಪ್ಪು ಹೊರಿಸಲು ಬಂದವರಲ್ಲ ಎಂದು ಅವರಿಗೂ ಗೊತ್ತಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರೇ ಇರಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡ್, ಬಿಸಿಯೂಟ, ಬಣ್ಣದ ಜೊತೆ ‘ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಕಥೆ ಓದುತ್ತಾರೆ’ ಎಂಬ ಒಂದು ಸಾಲನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು.

ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ, ಆದರೆ ಅದೇ ಹಾಳೆಯಲ್ಲಲ್ಲ. ಅಷ್ಟರೊಳಗೆ ಕಥೆ ಮಗುವಿಗೆ ಬಾಯಿಪಾಠವಾಗಿರುತ್ತದೆ. ಬೇರೆ ಮಾದರಿ ಹಾಳೆ ತೆಗೆದುಕೊಳ್ಳಿ, ಸಿಗದಿದ್ದರೆ ಎರಡನೇ ತರಗತಿ ಪುಸ್ತಕದಿಂದ ಮಗು ನೋಡಿರದ ಎಂಟು ಸಾಲು ಸಾಕು. ಹಳೆಯ ಹಾಳೆಯ ಹಿಂಬದಿಗೆ ತಾರೀಕು, ಮಟ್ಟ, ತಪ್ಪಿದ ಪದ ಬರೆದು ಎತ್ತಿಡಿ. ಎರಡನೇ ಸಲ ಮೊದಲು ಕೇಳಬೇಕಾದ್ದು ಆ ತಪ್ಪಿದ ಪದಗಳನ್ನೇ.